ಚಂದ್ರನ ನೆಲೆಯ ಕಥೆ: ಗಾಳಿ ಸೋರತೊಡಗಿದರೆ ಒಳಗಿರುವವರು ನಿಜಕ್ಕೂ ಏನು ಮಾಡುತ್ತಾರೆ?

ಕಪ್ಪುಕುಳಿ

ಎಲ್ಲರಿಗೂ ನಮಸ್ಕಾರ. ಒಂದು ನೀಳ್ಗತೆ ಬರೆಯುತ್ತಿದ್ದೇನೆ. ತಾಂತ್ರಿಕ ಭಾಗ ಗೊತ್ತಿರುವವರು ಓದಿ ಸ್ವಲ್ಪ ಕಿವಿ ಹಿಂಡಬೇಕು.

ಕಥೆ ನಡೆಯುವುದು ಚಂದ್ರನ ದಕ್ಷಿಣ ಧ್ರುವದಲ್ಲಿ, ಶ್ಯಾಕಲ್‌ಟನ್ ಕುಳಿಯ ಅಂಚಿನ ಮೇಲಿರುವ ನೆಲೆಯಲ್ಲಿ. ಆರು ಜನ. ಎರಡು ಮಾಡ್ಯೂಲ್, ಒಂದೊಂದೂ ಸುಮಾರು 200 ಘನ ಮೀಟರ್. ನಡುವೆ ಒಂದು ಹ್ಯಾಚ್ (ಗಾಳಿಯಾಡದಂತೆ ಮುಚ್ಚುವ ಬಾಗಿಲು), ಒಂದು ತುದಿಗೆ ಏರ್‌ಲಾಕ್ (ಹೊರಗೆ ಹೋಗಿಬರುವ ಎರಡು ಬಾಗಿಲ ಕೋಣೆ). ಮೆಕ್ಯಾನಿಕ್ ಮತ್ತು ಭೂವಿಜ್ಞಾನಿ ಗಳಸ್ಯ ಕಂಠಸ್ಯ. ಭೂವಿಜ್ಞಾನಿ ಇರುವ ಮಾಡ್ಯೂಲಿಗೆ ತೂತು ಬೀಳುತ್ತದೆ. ಹ್ಯಾಚ್ ಮುಚ್ಚಬೇಕಾದವನು ಮೆಕ್ಯಾನಿಕ್.

ಈಗಿರುವ ಕರಡು ಹೀಗಿದೆ: ಮುಷ್ಟಿ ಗಾತ್ರದ ತೂತು, ಸಾಮಾನೆಲ್ಲ ತೂತಿನತ್ತ ಹಾರುತ್ತದೆ, ಇಪ್ಪತ್ತು ನಿಮಿಷ ಹೋರಾಟ, ಕೊನೇ ಗಳಿಗೆಯಲ್ಲಿ ಕಮಾಂಡರ್ "ಮುಚ್ಚು" ಎಂದು ಕೂಗುತ್ತಾಳೆ. ಓದಿದವರೊಬ್ಬರು "ಸಿನಿಮಾ ಥರ ಇದೆ" ಅಂದರು, ಹೊಗಳಿಕೆಯಾಗಿ ಅಲ್ಲ.

ನನಗೆ ಬೇಕಾದದ್ದು ಮೂರು. ಸಮಯದ ಲೆಕ್ಕ ಸರಿಯಿದೆಯೇ? ಆ ಹೊತ್ತಿನಲ್ಲಿ ಅವರ ಕೈ ಏನು ಮಾಡುತ್ತಿರುತ್ತದೆ? ಇದಕ್ಕೂ ಮುಂಚಿನ ಅಧ್ಯಾಯದಲ್ಲಿ ಮೆಕ್ಯಾನಿಕ್ ತನ್ನ ಗೆಳತಿಯಾದ ಈ ಭೂವಿಜ್ಞಾನಿಯ ಸೂಟಿನ ದೋಷವೊಂದನ್ನು ವರದಿ ಮಾಡದೆ ಮುಚ್ಚಿಡುತ್ತಾನೆ, ಅವಳ ಹೊರಗಿನ ಕೆಲಸ ರದ್ದಾಗಬಾರದೆಂದು. ಇದು ನಂಬುವಂತಿದೆಯೇ?

ಒತ್ತಡಮಾಪಕ

ಮೊದಲು ತೂತಿನ ಅಳತೆ ನೋಡೋಣ, ನಿಮ್ಮ ಕಥೆಯ ಸಮಯವೆಲ್ಲ ಅದರ ಮೇಲೆ ನಿಂತಿದೆ.

ನಿರ್ವಾತಕ್ಕೆ ತೆರೆದುಕೊಂಡ ತೂತಿನಲ್ಲಿ ಗಾಳಿ ಹೆಚ್ಚೆಂದರೆ ಶಬ್ದದ ವೇಗದಲ್ಲಿ ಹೋಗುತ್ತದೆ. ಸಾಮಾನ್ಯ ಕೋಣೆಯ ಉಷ್ಣತೆ ಹಿಡಿದು, ತೂತಿನ ಒರಟು ಅಂಚಿಗೆ ಸ್ವಲ್ಪ ಕಳೆದರೆ, ಪ್ರತಿ ಚದರ ಸೆಂಟಿಮೀಟರಿಗೆ ಸೆಕೆಂಡಿಗೆ 16 ಲೀಟರ್ ಎಂದು ಇಟ್ಟುಕೊಳ್ಳಿ. ಒಳಗಿನ ಒತ್ತಡ ಎಷ್ಟೇ ಇರಲಿ, ಲೀಟರ್ ಲೆಕ್ಕ ಬದಲಾಗುವುದಿಲ್ಲ. ಒತ್ತಡ ಅರ್ಧಕ್ಕೆ ಇಳಿಯಲು ಬೇಕಾದ ಸಮಯ ಬೇಕೆಂದರೆ, ಕೋಣೆಯ ಗಾತ್ರವನ್ನು ಈ ಹರಿವಿನಿಂದ ಭಾಗಿಸಿ 0.7ರಿಂದ ಗುಣಿಸಿ.

ನಿಮ್ಮ 200 ಘನ ಮೀಟರಿಗೆ ಹಾಕಿದರೆ: ಮುಷ್ಟಿ ಗಾತ್ರ, ಅಂದರೆ 8 ಸೆಂ.ಮೀ. ವ್ಯಾಸದ ತೂತಿಗೆ ಮೂರು ನಿಮಿಷಕ್ಕೆ ಅರ್ಧ. 1 ಸೆಂ.ಮೀ. ಆದರೆ ಮೂರು ಗಂಟೆ. 2 ಮಿ.ಮೀ. ಆದರೆ ಮೂರು ದಿನಕ್ಕೂ ಜಾಸ್ತಿ. ನಿಮಗೆ ಇಪ್ಪತ್ತು ನಿಮಿಷ ಬೇಕೇ ಬೇಕೆಂದರೆ ತೂತು 3 ಸೆಂ.ಮೀ. ಇರಲಿ. ಹ್ಯಾಚ್ ತೆರೆದೇ ಇದ್ದರೆ ಎರಡೂ ಮಾಡ್ಯೂಲಿನ ಗಾಳಿ ಸೇರುವುದರಿಂದ ಸಮಯ ದುಪ್ಪಟ್ಟು, ನಲವತ್ತು ನಿಮಿಷ. ಹ್ಯಾಚ್ ಮುಚ್ಚಿದ ಕ್ಷಣ ಒಳಗೆ ಸಿಕ್ಕಿಕೊಂಡವಳ ಸಮಯ ಅರ್ಧಕ್ಕಿಳಿಯುತ್ತದೆ. ಕಥೆಗೆ ಇದು ಸಿಕ್ಕಿದ್ದೇ ಲಾಭ.

2 ಮಿ.ಮೀ. ಉದಾಹರಣೆ ಸುಮ್ಮನೆ ಕೊಟ್ಟದ್ದಲ್ಲ. 2018ರ ಆಗಸ್ಟ್‌ನಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಜೋಡಿಸಿದ್ದ ಸೊಯುಜ್ ಎಂಎಸ್-09 ನೌಕೆಯಲ್ಲಿ ಸಿಕ್ಕಿದ್ದು ಸರಿಸುಮಾರು ಅಷ್ಟೇ ತೂತು. ಮೊದಲು ಟೇಪ್ ಅಂಟಿಸಿದರು, ಆಮೇಲೆ ಎಪಾಕ್ಸಿ ಅಂಟಿನಲ್ಲಿ ಅದ್ದಿದ, ಗಾಯಕ್ಕೆ ಕಟ್ಟುವಂಥ ಗಾಜ್ ಬಟ್ಟೆಯಿಂದ ಮುಚ್ಚಿದರು. ಯಾರೂ ಓಡಾಡಲಿಲ್ಲ, ಕಿರುಚಲೂ ಇಲ್ಲ.

ಇನ್ನು ಸಾಮಾನು ಹಾರುವ ವಿಷಯ. ಅದನ್ನು ತೆಗೆದುಬಿಡಿ. 3 ಸೆಂ.ಮೀ. ತೂತಿನಿಂದ ಒಂದು ಗೇಣು ದೂರದಲ್ಲಿ ಕಾಗದದ ಚೂರು ಎಳೆದುಕೊಳ್ಳುವಷ್ಟು ಗಾಳಿ ಇರುತ್ತದೆ, ಒಂದು ಮೀಟರ್ ದೂರಕ್ಕೆ ಬಂದರೆ ವೇಗ ಸೆಕೆಂಡಿಗೆ ಸುಮಾರು 2 ಸೆಂ.ಮೀ., ಅಂದರೆ ಮುಖಕ್ಕೂ ಗೊತ್ತಾಗದು. ಒಳಗಿನ ಒತ್ತಡ 56 ಕಿಲೊಪ್ಯಾಸ್ಕಲ್ (ಭೂಮಿಯ ಗಾಳಿಯೊತ್ತಡದ ಅರ್ಧಕ್ಕಿಂತ ತುಸು ಹೆಚ್ಚು) ಎಂದಿಟ್ಟುಕೊಂಡರೆ ಆ ತೂತಿನ ಮೇಲೆ ಬೀಳುವ ಬಲ ಬರೀ ನಾಲ್ಕು ಕಿಲೊ ಭಾರದಷ್ಟು. ಅಂಗೈ ಇಟ್ಟರೂ ನಿಲ್ಲುತ್ತದೆ, ಚರ್ಮ ಕಂದಿ ಊದಿಕೊಳ್ಳುತ್ತದೆ ಅಷ್ಟೆ. ರಬ್ಬರ್ ಹಚ್ಚಿದ ಒಂದು ಚಪ್ಪಟೆ ಅಲ್ಯೂಮಿನಿಯಂ ತಗಡು ಒಳಗಿನಿಂದ ಇಟ್ಟರೆ ಗಾಳಿಯೇ ಅದನ್ನು ಒತ್ತಿ ಹಿಡಿಯುತ್ತದೆ, ಬೋಲ್ಟ್ ಬೇಡ. ಮುಚ್ಚುವುದು ಸುಲಭ. ತೂತು ಎಲ್ಲಿದೆ ಎಂದು ಹುಡುಕುವುದೇ ಕಷ್ಟ, ಏಕೆಂದರೆ ಗೋಡೆ ಎಲ್ಲೂ ಬರಿದಾಗಿ ಕಾಣುವುದಿಲ್ಲ. ರ‍್ಯಾಕು, ಪೈಪು, ನಿರೋಧಕ ಪದರ, ಸರಕಿನ ಚೀಲ ಎಲ್ಲ ಗೋಡೆಗೆ ಒತ್ತಿಕೊಂಡಿರುತ್ತವೆ.

ಹುಡುಕುವ ಕ್ರಮ: ಫ್ಯಾನ್‌ಗಳನ್ನು ನಿಲ್ಲಿಸಬೇಕು, ಇಲ್ಲದಿದ್ದರೆ ಸೋರುವ ಸದ್ದು ಕೇಳುವುದಿಲ್ಲ, ಗಾಳಿಯ ಎಳೆತವೂ ತಿಳಿಯುವುದಿಲ್ಲ. ಆಮೇಲೆ ಕಿವಿಗೆ ಕೇಳದ ಸದ್ದನ್ನೂ ಹಿಡಿಯುವ ಅಲ್ಟ್ರಾಸಾನಿಕ್ ಡಿಟೆಕ್ಟರ್ ಹಿಡಿದು ಗೋಡೆ ಸವರುತ್ತ ಹೋಗಬೇಕು. 2020ರಲ್ಲಿ ನಿಲ್ದಾಣದ ಜ್ವೆಜ್ದಾ ಮಾಡ್ಯೂಲಿನ ಸೋರಿಕೆಗೆ ಚಹಾಪುಡಿ ತೇಲಿಬಿಟ್ಟು, ಅದು ಯಾವ ಕಡೆ ಸರಿಯುತ್ತದೆಂದು ನೋಡಿ ಜಾಗ ಪತ್ತೆ ಮಾಡಿದರು. ಚಂದ್ರನಲ್ಲಿ ಪುಡಿ ತೇಲುವುದಿಲ್ಲ, ನೆಲಕ್ಕೆ ಬೀಳುತ್ತದೆ. ಕಡ್ಡಿಗೆ ಕಟ್ಟಿದ ಟಿಶ್ಯೂ ಪಟ್ಟಿ ಆದೀತು.

ಈಗ ಹ್ಯಾಚ್. ಕರಡಿನ ಅಸಲಿ ತಪ್ಪು ಇರುವುದು ಇಲ್ಲಿ. ನೀವು ಮುಚ್ಚುವುದನ್ನು ಕೊನೇ ಗಳಿಗೆಗೆ ಇಟ್ಟಿದ್ದೀರಿ. ನಿಜದಲ್ಲಿ ಮುಚ್ಚುವುದು ಮೊದಲ ಕೆಲಸ, ಮುಚ್ಚಿದ ಮೇಲೆ ಅದನ್ನು ತೆರೆಯಲಾಗದಿರುವುದೇ ನಾಟಕ. 56 ಕಿಲೊಪ್ಯಾಸ್ಕಲ್‌ನಲ್ಲಿ ನಿಮ್ಮ 3 ಸೆಂ.ಮೀ. ತೂತು ಸುಮಾರು ಮೂವತ್ತು ಸೆಕೆಂಡಿಗೆ 1 ಕಿಲೊಪ್ಯಾಸ್ಕಲ್ ಇಳಿಸುತ್ತದೆ. ಒಂದು ಮೀಟರ್ ವ್ಯಾಸದ ಹ್ಯಾಚ್ ಮೇಲೆ 1 ಕಿಲೊಪ್ಯಾಸ್ಕಲ್ ವ್ಯತ್ಯಾಸವೆಂದರೆ 80 ಕಿಲೊ ಭಾರ. ಚಂದ್ರನಲ್ಲಿ 75 ಕಿಲೊ ಆಳು ನೆಲಕ್ಕೆ ಊರುವ ಭಾರ ಹನ್ನೆರಡೂವರೆ ಕಿಲೊ ಮಾತ್ರ, ಕಾಲು ಜಾರುತ್ತದೆ. ಅಂದರೆ ಮುಚ್ಚಿ ಅರ್ಧ ನಿಮಿಷ ಕಳೆದರೆ ಮೆಕ್ಯಾನಿಕ್ ಮನಸ್ಸು ಬದಲಾಯಿಸಿದರೂ ಹ್ಯಾಚ್ ಬದಲಾಗದು. ಎರಡು ನಿಮಿಷಕ್ಕೆ ಮುನ್ನೂರು ಕಿಲೊ. ಸಮತೋಲನದ ವಾಲ್ವ್ ತಿರುಗಿಸಿ ಎರಡೂ ಕಡೆಯ ಒತ್ತಡ ಸಮ ಮಾಡಿಕೊಂಡೇ ತೆರೆಯಬೇಕು, ಹಾಗೆ ಮಾಡಿದರೆ ಉಳಿದ ಐವರ ಗಾಳಿ ತೂತಿನ ಕಡೆ ಹೋಗುತ್ತದೆ.

ಇನ್ನೊಂದು. ಹ್ಯಾಚ್‌ನಲ್ಲಿ ಕೇಬಲ್ಲು, ಗಾಳಿಯ ಕೊಳವೆ ಹಾದುಹೋಗಿದ್ದರೆ ಅದು ಮುಚ್ಚುವುದೇ ಇಲ್ಲ. 1997ರ ಜೂನ್ 25ರಂದು ರಷ್ಯಾದ ಮಿರ್ ಬಾಹ್ಯಾಕಾಶ ನಿಲ್ದಾಣದ ಸ್ಪೆಕ್ಟರ್ ಮಾಡ್ಯೂಲಿಗೆ ಪ್ರೋಗ್ರೆಸ್ ಸರಕುನೌಕೆ ಡಿಕ್ಕಿ ಹೊಡೆದಾಗ ಆದದ್ದು ಇದೇ. ಹ್ಯಾಚ್ ತುಂಬ ಕೇಬಲ್‌ಗಳಿದ್ದವು. ಕೆಲವನ್ನು ಕನೆಕ್ಟರ್‌ನಲ್ಲಿ ಬಿಚ್ಚಿದರು, ಕೆಲವನ್ನು ಕತ್ತರಿಸಿದರು, ಆಮೇಲೆ ಮುಚ್ಚಳ ಹಾಕಿದರು. ಸ್ಪೆಕ್ಟರ್‌ನ ಸೌರಫಲಕದ ವಿದ್ಯುತ್ ಕೈತಪ್ಪಿತು, ಇಡೀ ನಿಲ್ದಾಣ ವಿದ್ಯುತ್ ಕೊರತೆಗೆ ಬಿತ್ತು. ನಿಮ್ಮ ಮೆಕ್ಯಾನಿಕ್ "ತಾತ್ಕಾಲಿಕ" ಎಂದು ಎಳೆದ ಒಂದು ಕೇಬಲ್ ಅಲ್ಲಿ ಮೂರು ತಿಂಗಳಿಂದ ಬಿದ್ದಿರಲಿ. ಕಟರ್ ಎಲ್ಲಿ ತೂಗುಹಾಕಿದೆ ಎಂಬುದು ಓದುಗರಿಗೆ ಮೊದಲೇ ತಿಳಿದಿರಲಿ.

ನಿರ್ವಾತ_ನಡಿಗೆ

ಮೇಲಿನವರ ಲೆಕ್ಕಕ್ಕೆ ನನ್ನ ತಕರಾರಿಲ್ಲ. 56 ಕಿಲೊಪ್ಯಾಸ್ಕಲ್ ಯಾಕೆ ಎಂಬುದನ್ನು ಬಿಟ್ಟಿದ್ದಾರೆ. ನಿಮ್ಮ ಕಥೆಗೆ ಅದು ಮುಖ್ಯ.

ಹೊರಗೆ ನಡೆಯುವ ಸೂಟಿನ ಒಳಗೆ ಶುದ್ಧ ಆಮ್ಲಜನಕ, ಸುಮಾರು 30 ಕಿಲೊಪ್ಯಾಸ್ಕಲ್. ಅದಕ್ಕಿಂತ ಹೆಚ್ಚು ತುಂಬಿದರೆ ಸೂಟು ಬಿಗಿದು ಬೆರಳು ಮಡಚಲಾಗದು. ನೆಲೆಯೊಳಗೆ ಭೂಮಿಯ ಒತ್ತಡ, ಅಂದರೆ 101 ಇಟ್ಟರೆ, ಸೂಟಿಗೆ ಇಳಿಯುವ ಮೊದಲು ಗಂಟೆಗಟ್ಟಲೆ ಶುದ್ಧ ಆಮ್ಲಜನಕ ಉಸಿರಾಡಿ ಮೈಯೊಳಗಿನ ಸಾರಜನಕ ತೊಳೆದುಕೊಳ್ಳಬೇಕು. ಇಲ್ಲದಿದ್ದರೆ ಅದು ಗುಳ್ಳೆಯಾಗಿ ಕೀಲುಗಳಲ್ಲಿ ಕೂರುತ್ತದೆ, ಮುಳುಗುಗಾರರಿಗೆ ಆಗುವ ಬೆಂಡ್ಸ್ ಅದೇ. ಅಪೊಲೊದಲ್ಲಿ ಕ್ಯಾಬಿನ್ನಿಗೇ 34 ಕಿಲೊಪ್ಯಾಸ್ಕಲ್ ಶುದ್ಧ ಆಮ್ಲಜನಕ ತುಂಬಿ ಈ ರಗಳೆ ತಪ್ಪಿಸಿದ್ದರು, ಆದರೆ ಬೆಂಕಿಯ ಭಯ. ನೆಲೆಗಳಿಗೆ ನಾಸಾ ಶಿಫಾರಸು ಮಾಡಿದ ನಡುದಾರಿ 56.5 ಕಿಲೊಪ್ಯಾಸ್ಕಲ್, ಅದರಲ್ಲಿ 34% ಆಮ್ಲಜನಕ. ಆಗ ಸಾರಜನಕ ತೊಳೆಯುವುದು ನಿಮಿಷಗಳ ಕೆಲಸ. ಬೆಲೆ ಏನೆಂದರೆ ಬಟ್ಟೆ, ಕಾಗದ, ಪ್ಲಾಸ್ಟಿಕ್ ಎಲ್ಲ ಭೂಮಿಗಿಂತ ಬೇಗ ಹೊತ್ತಿಕೊಳ್ಳುತ್ತವೆ. ಹಾಗಾಗಿ ಕರಡಿನಲ್ಲಿ ಎಲ್ಲಾದರೂ ವೆಲ್ಡಿಂಗ್ ಕಿಡಿ ಹಾರುತ್ತಿದ್ದರೆ ತೆಗೆದುಬಿಡಿ.

"ಸೂಟು ಹಾಕಿಕೊಂಡು ಓಡಿಹೋಗಿ ಕಾಪಾಡಿದ" ಎಂದು ಬರೆಯುವವರು ಸೂಟು ಹಾಕುವ ಸಮಯವನ್ನು ಮರೆಯುತ್ತಾರೆ. ತಂಪುನೀರಿನ ಒಳಉಡುಪು, ಸಂಪರ್ಕದ ಟೋಪಿ, ಮೇಲುಭಾಗ, ಗ್ಲೋವು, ಹೆಲ್ಮೆಟ್ಟು, ಸೋರಿಕೆ ಪರೀಕ್ಷೆ. ಇಬ್ಬರು ಸೇರಿ ಚುರುಕಾಗಿ ಮಾಡಿದರೂ ಇಪ್ಪತ್ತು ನಿಮಿಷದಲ್ಲಿ ಮುಗಿಯುವ ಕೆಲಸ ಅಲ್ಲ.

ಗೆಳೆತನ ತೋರಿಸಲು ಭಾಷಣ ಬೇಡ, ಸೂಟು ಪರೀಕ್ಷೆಯ ಈ ಹೊತ್ತು ಸಾಕು. ಒಬ್ಬರು ಪಟ್ಟಿ ಓದುತ್ತಾರೆ, ಇನ್ನೊಬ್ಬರು ತಮ್ಮ ಕೈಯಿಂದಲೇ ಮುಟ್ಟಿ ಹೇಳುತ್ತಾರೆ. ಕಣ್ಣಿಂದ ನೋಡಿದ್ದು ಲೆಕ್ಕಕ್ಕಿಲ್ಲ.

"ಬಲ ಗ್ಲೋವ್ ಲಾಕ್."
"ಲಾಕ್ ಆಗಿದೆ. ತಿರುಗಿಸಿ ನೋಡಿದೆ, ಎಳೆದೂ ನೋಡಿದೆ."
"ಸೀಲಿನಲ್ಲಿ ಧೂಳು?"
"ಒರೆಸಿದೆ. ಇನ್ನೊಂದು ಸಲ ಒರೆಸುತ್ತೇನೆ, ತಾಳು."

ಆ "ಇನ್ನೊಂದು ಸಲ" ಎಂಬುದರ ಹಿಂದೆ ಚಂದ್ರನ ಧೂಳಿದೆ. ಗಾಳಿ ನೀರು ಇಲ್ಲದ ಕಡೆ ಕಣಗಳ ಮೊನೆ ಸವೆಯುವುದಿಲ್ಲ, ಗಾಜಿನ ಪುಡಿಯ ಹಾಗೆ ಚೂಪಾಗಿಯೇ ಇರುತ್ತವೆ. ಅಪೊಲೊ ಯಾತ್ರಿಗಳ ಗ್ಲೋವಿನ ಹೊರಪದರ ಸವೆದಿತ್ತು, ಕೀಲುಗಳು ಬಿಗಿದಿದ್ದವು. ಅಪೊಲೊ 17ರ ಹ್ಯಾರಿಸನ್ ಶ್ಮಿಟ್ ಅವರಿಗೆ ಒಳಬಂದ ಧೂಳಿನಿಂದ ಮೂಗು ಕಟ್ಟಿತ್ತು. ಅದೇ ಯಾನದಲ್ಲಿ ರೋವರಿನ ಮಡ್‌ಗಾರ್ಡ್ ಮುರಿದು ಧೂಳು ಮೈಮೇಲೆ ಮಳೆಗರೆಯತೊಡಗಿದಾಗ ನಕ್ಷೆಯ ಹಾಳೆಗಳನ್ನು ಡಕ್ಟ್ ಟೇಪಿನಲ್ಲಿ ಜೋಡಿಸಿ, ಕ್ಲಾಂಪ್ ಹಾಕಿ ಹೊಸದು ಮಾಡಿಕೊಂಡರು.

ಹೊರಗಿನ ದೃಶ್ಯಕ್ಕೆ ಒಂದು ನಿಜವಾದ ಉಪಕರಣ ಕೊಡುತ್ತೇನೆ. ಅಪೊಲೊ 14ರಿಂದ ಮುಂದೆ ಜೋಡಿಕೊಳವೆಯೊಂದನ್ನು ಒಯ್ಯುತ್ತಿದ್ದರು. ಒಬ್ಬರ ಬೆನ್ನುಪೆಟ್ಟಿಗೆ ಕೆಟ್ಟರೆ ಇನ್ನೊಬ್ಬರ ಪೆಟ್ಟಿಗೆಯಿಂದ ಹಂಚಿಕೊಳ್ಳುವುದಕ್ಕೆ. ಹಂಚಿಕೊಳ್ಳುತ್ತಿದ್ದದ್ದು ಆಮ್ಲಜನಕ ಅಲ್ಲ, ತಂಪುನೀರು! ತುರ್ತು ಆಮ್ಲಜನಕದ ಸಿಲಿಂಡರ್ ಪ್ರತಿಯೊಬ್ಬರ ಬಳಿಯೂ ಇತ್ತು, ಆದರೆ ಮೈ ತಂಪಾಗಿಡಲು ಅದನ್ನೇ ಜೋರಾಗಿ ಹರಿಸಬೇಕಾದರೆ ಅರ್ಧ ಗಂಟೆಗೆ ಖಾಲಿ. ಗೆಳೆಯನ ನೀರಿನಿಂದ ತಂಪಾದರೆ ಹರಿವು ತಗ್ಗಿಸಬಹುದು, ಸಿಲಿಂಡರ್ ಇನ್ನೂ ಬಹಳ ಹೊತ್ತು ಬರುತ್ತದೆ. ಆದರೆ ಇಬ್ಬರೂ ಕೊಳವೆಯಷ್ಟೇ ಅಂತರದಲ್ಲಿ ಹೆಜ್ಜೆ ಸರಿಹೊಂದಿಸಿ ನಡೆಯಬೇಕು, ಒಬ್ಬರು ಎಡವಿದರೆ ಇಬ್ಬರಿಗೂ ಜಗ್ಗುತ್ತದೆ. ಸಂಕಟದಲ್ಲಿರುವ ಇಬ್ಬರನ್ನು ಹೀಗೆ ಕಟ್ಟಿಹಾಕಿದರೆ ನಿಮಗೆ ಒಂದು ಪೂರ್ತಿ ಅಧ್ಯಾಯ ಸಿಗುತ್ತದೆ.

ಹಾಗೆಯೇ ರೋವರಿನಲ್ಲಿ ಎಷ್ಟು ದೂರ ಹೋಗಬಹುದು ಎಂಬುದನ್ನು ರೋವರಿನ ಬ್ಯಾಟರಿ ನಿರ್ಧರಿಸುವುದಿಲ್ಲ. ರೋವರ್ ಅಲ್ಲೇ ಕೆಟ್ಟು ನಿಂತರೆ ಉಳಿದ ಗಾಳಿ ನೀರಲ್ಲಿ ನಡೆದು ವಾಪಸಾಗಲು ಎಷ್ಟು ದೂರ ಸಾಧ್ಯವೋ ಅಷ್ಟು. ಹೊತ್ತು ಕಳೆದಂತೆ ಆ ವೃತ್ತ ಚಿಕ್ಕದಾಗುತ್ತ ಬರುತ್ತದೆ. ಆದ್ದರಿಂದ ದೂರದ ಜಾಗಕ್ಕೆ ಮೊದಲು ಹೋಗಿ, ನೆಲೆಯತ್ತ ಬರುತ್ತಾ ಉಳಿದ ಕೆಲಸ ಮಾಡುತ್ತಾರೆ.

ಬಿದ್ದವರನ್ನು ಎತ್ತುವುದು: ಆಳು ಮತ್ತು ಸೂಟು ಸೇರಿ ಭೂಮಿಯ ಮೇಲೆ 180 ಕಿಲೊ ಇದ್ದರೆ ಅಲ್ಲಿ 30 ಕಿಲೊ ಭಾರ. ಎತ್ತಬಹುದು. ಆದರೆ ಜಡತ್ವ ಕಮ್ಮಿಯಾಗುವುದಿಲ್ಲ, ಓಡುತ್ತಾ ಬಂದರೆ ನಿಲ್ಲಿಸಲು 180 ಕಿಲೊವನ್ನೇ ನಿಲ್ಲಿಸಬೇಕು.

ಧ್ರುವದಲ್ಲಿ ಸೂರ್ಯ ದಿಗಂತದ ಅಂಚಿನಲ್ಲೇ ಸುತ್ತುತ್ತಾನೆ. ಪ್ರತಿ ಕಲ್ಲಿಗೂ ಮೈಲುದ್ದದ ನೆರಳು, ನೆರಳೊಳಗೆ ಕಾಲಿಟ್ಟರೆ ನೆಲವೇ ಕಾಣದು. ಶ್ಯಾಕಲ್‌ಟನ್ ಸುಮಾರು 21 ಕಿ.ಮೀ. ಅಗಲ, 4 ಕಿ.ಮೀ.ಗೂ ಆಳ. ತಳದಲ್ಲಿ ಸದಾ ಕತ್ತಲೆ, ಉಷ್ಣತೆ ಮೈನಸ್ 180 ಡಿಗ್ರಿಯ ಆಸುಪಾಸು. ಅಲ್ಲಿ ಸಾಮಾನ್ಯ ರಬ್ಬರ್ ಸೀಲು ಗಾಜಿನಂತೆ ಸಿಡಿಯುತ್ತದೆ.

ಕಪ್ಪುಕುಳಿ

ಇಬ್ಬರಿಗೂ ಧನ್ಯವಾದ. ಹ್ಯಾಚ್ ಮುಚ್ಚುವುದನ್ನು ಮೊದಲಿಗೆ ತಂದರೆ ಕಥೆಯ ಸ್ವರೂಪವೇ ಬದಲಾಗುತ್ತದೆ, ಒಳ್ಳೆಯದೇ. ಆದರೆ ದೋಷ ಮುಚ್ಚಿಡುವ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ಮತ್ತೆ, ಮೂರನೇ ಅಧ್ಯಾಯದಲ್ಲಿ ಇವರಿಬ್ಬರೂ ಕ್ಷುಲ್ಲಕ ಕಾರಣಕ್ಕೆ ಜಗಳವಾಡಿ ಮಾತು ಬಿಡುತ್ತಾರೆ. ಕಾರಣ ಸಾಲದು ಅನ್ನಿಸುತ್ತಿದೆ.

ಗಾಳಿಲೆಕ್ಕ

ಜಗಳಕ್ಕೆ ಕಾರಣ ನಾನು ಕೊಡುತ್ತೇನೆ: ಇಂಗಾಲದ ಡೈಆಕ್ಸೈಡ್.

ಒಬ್ಬ ಮನುಷ್ಯ ದಿನಕ್ಕೆ ಸುಮಾರು 1 ಕಿಲೊ ಬಿಡುತ್ತಾನೆ, 0.84 ಕಿಲೊ ಆಮ್ಲಜನಕ ಬಳಸುತ್ತಾನೆ. ಆರು ಜನ ಒಂದೇ ಮಾಡ್ಯೂಲಿನಲ್ಲಿದ್ದು, ಶುದ್ಧೀಕರಿಸುವ ಯಂತ್ರ ನಿಂತರೆ, 200 ಘನ ಮೀಟರಿನಲ್ಲಿ ಅದರ ಒತ್ತಡ ಗಂಟೆಗೆ ಅರ್ಧ ಮಿ.ಮೀ. ಪಾದರಸದಷ್ಟು ಏರುತ್ತದೆ. ಭೂಮಿಯ ಹೊರಗಾಳಿಯಲ್ಲಿರುವುದು ಬರೀ 0.3. ಏಳೆಂಟು ಗಂಟೆಯಲ್ಲಿ 4 ದಾಟುತ್ತದೆ: ತಲೆಭಾರ, ಸಿಡುಕು, ಲೆಕ್ಕದಲ್ಲಿ ತಪ್ಪು. ಒಂದು ದಿನ ದಾಟಿದರೆ 15ರ ಹತ್ತಿರ. ಅಪೊಲೊ 13ರಲ್ಲಿ ಎಚ್ಚರಿಕೆಯ ದೀಪ ಹೊತ್ತಿದ್ದೂ ಇದೇ ಅನಿಲ ಏರಿದ್ದರಿಂದ. ಕಮಾಂಡ್ ಮಾಡ್ಯೂಲಿನ, ಆ ಅನಿಲ ಹೀರಿಕೊಳ್ಳುವ ಚೌಕ ಡಬ್ಬಿಗಳನ್ನು ಲೂನಾರ್ ಮಾಡ್ಯೂಲಿನ ದುಂಡು ಜಾಗಕ್ಕೆ ಹೊಂದಿಸಲು ಪ್ಲಾಸ್ಟಿಕ್ ಚೀಲ, ಪುಸ್ತಕದ ರಟ್ಟು, ಸೂಟಿನ ಕೊಳವೆ, ಟೇಪು ಬಳಸಿದ ಕಥೆ ಎಲ್ಲರಿಗೂ ಗೊತ್ತು. ಆಗ ಆಮ್ಲಜನಕಕ್ಕೆ ಬರವಿರಲಿಲ್ಲ ಎಂಬುದನ್ನು ಮಾತ್ರ ಬಹಳ ಜನ ಗಮನಿಸುವುದಿಲ್ಲ. ನಿಮ್ಮ ಮಾಡ್ಯೂಲಿನ ಗಾಳಿಯಲ್ಲೇ ಸುಮಾರು 50 ಕಿಲೊ ಆಮ್ಲಜನಕ ಇದೆ, ಆರು ಜನಕ್ಕೆ ಹಲವು ದಿನ ಬರುತ್ತದೆ. ಬಿಟ್ಟ ಉಸಿರು ಅದಕ್ಕೂ ಎಷ್ಟೋ ಮೊದಲೇ ಕೊಲ್ಲುತ್ತದೆ.

ಪೂರ್ತಿ ಯಂತ್ರ ಕೆಡುವುದೇ ಬೇಕಿಲ್ಲ. ಚಂದ್ರನ ಗುರುತ್ವದಲ್ಲಿ ಬಿಸಿಗಾಳಿ ಮೇಲೇಳುವುದು ನಿಧಾನ. ಒಬ್ಬರ ಮಲಗುಗೂಡಿನ ಫ್ಯಾನಿಗೆ ಲಿಂಟು (ಬಟ್ಟೆಯ ನವಿರು ಎಳೆ) ಕಟ್ಟಿ ಹರಿವು ತಗ್ಗಿದರೆ, ರಾತ್ರಿಯಿಡೀ ಅವರು ಬಿಟ್ಟ ಉಸಿರನ್ನೇ ಎಳೆದುಕೊಳ್ಳುತ್ತಾರೆ. ಗೋಡೆಯ ಸೆನ್ಸರ್ ಮಾಡ್ಯೂಲಿನ ನಡುವೆ ಇರುವುದರಿಂದ ಸರಿಯಾದ ಅಂಕಿಯನ್ನೇ ತೋರಿಸುತ್ತದೆ. ಬೆಳಿಗ್ಗೆ ಎದ್ದವಳಿಗೆ ತಲೆನೋವು, ಮುಖ ಗಂಟು. ಮೆಕ್ಯಾನಿಕ್‌ಗೆ ಅನ್ನಿಸುವುದು ಇವಳಿಗೆ ನನ್ನ ಮೇಲೆ ಮುನಿಸು ಎಂದು. ನಾಲ್ಕು ದಿನ ಹೀಗೆ ನಡೆದರೆ ಮಾತು ಬಿಡಲು ಅಷ್ಟು ಸಾಕು. ಫಿಲ್ಟರ್ ಬದಲಿಸುವ ಸರದಿ ಯಾರದ್ದಾಗಿತ್ತು ಎಂಬುದು ಆಮೇಲೆ ದಿನಚರಿ ಪುಸ್ತಕದಲ್ಲಿ ಸಿಗಲಿ. ಅದು ಅವನದೇ ಆಗಿದ್ದರೆ ಇನ್ನೂ ಚೆನ್ನ.

ಚಳಿಗಾಲದ_ಪಾಳಿ

ಮುಚ್ಚಿಡುವ ಬಗ್ಗೆ. ನಂಬುವಂತಿದೆ, ಆಗಿಯೂ ಇದೆ. 1973ರ ನವೆಂಬರ್‌ನಲ್ಲಿ ಅಮೆರಿಕದ ಸ್ಕೈಲ್ಯಾಬ್ ನಿಲ್ದಾಣಕ್ಕೆ ಹೊರಟ ಸ್ಕೈಲ್ಯಾಬ್ 4ರ ತಂಡ ಕಕ್ಷೆ ಸೇರಿದ ಮೊದಲ ದಿನವೇ ಬಿಲ್ ಪೋಗ್ ವಾಂತಿ ಮಾಡಿಕೊಂಡರು. ಭೂಮಿಗೆ ಹೇಳುವುದು ಬೇಡವೆಂದು ಒಳಗೊಳಗೇ ಮಾತಾಡಿಕೊಂಡರು. ಆ ಮಾತೆಲ್ಲ ಟೇಪಿನಲ್ಲಿ ದಾಖಲಾಗಿ ಭೂಮಿಗೆ ತಲುಪಿತು. ಗಗನಯಾತ್ರಿಗಳ ಮುಖ್ಯಸ್ಥ ಅಲನ್ ಶೆಪರ್ಡ್ ಎಲ್ಲರಿಗೂ ಕೇಳುವಂತೆ ತರಾಟೆಗೆ ತೆಗೆದುಕೊಂಡರು. ಆ 84 ದಿನದ ಯಾನದಲ್ಲಿ ಭೂಮಿಯವರಿಗೂ ಮೇಲಿನವರಿಗೂ ಬೆಳೆದ ಬಿಗುವಿಗೆ ಕೆಲಸದ ಹೊರೆಯೇ ದೊಡ್ಡ ಕಾರಣ. ಡಿಸೆಂಬರ್ ಕೊನೆಗೆ ಎರಡೂ ಕಡೆಯವರು ಬಿಚ್ಚಿ ಮಾತಾಡಿದ ಮೇಲೆ ವೇಳಾಪಟ್ಟಿ ಸಡಿಲಿಸಿದರು, ಕೆಲಸವೂ ಚುರುಕಾಯಿತು. "ಗಗನಯಾತ್ರಿಗಳ ಮುಷ್ಕರ" ಎಂದು ಹಬ್ಬಿದ್ದು ಉತ್ಪ್ರೇಕ್ಷೆ.

ಆದರೆ ನಿಮ್ಮ ಮೆಕ್ಯಾನಿಕ್ ಬೇಕೆಂದೇ ಸುಳ್ಳು ಬರೆಯುವುದಕ್ಕಿಂತ ಬಲವಾದ ದಾರಿ ಇನ್ನೊಂದಿದೆ: ಅನುಕೂಲದ ವಿವರಣೆಯನ್ನು ಎಲ್ಲರೂ ಒಪ್ಪಿಬಿಡುವುದು. 2013ರ ಜುಲೈ 9ರಂದು ಬಾಹ್ಯಾಕಾಶ ನಡಿಗೆ ಮುಗಿಸಿ ಬಂದ ಗಗನಯಾತ್ರಿ ಲೂಕಾ ಪರ್ಮಿಟಾನೊ ಅವರ ಹೆಲ್ಮೆಟ್ಟಿನಲ್ಲಿ ನೀರಿತ್ತು. ಕುಡಿಯುವ ನೀರಿನ ಚೀಲ ಸೋರಿರಬೇಕು ಎಂದುಕೊಂಡರು. ಒಂದು ವಾರದ ಮೇಲೆ, 16ನೇ ತಾರೀಕು, ಅದೇ ಸೂಟಿನಲ್ಲಿ ಮತ್ತೆ ಹೊರಗೆ ಹೋದಾಗ ಒಂದು ಲೀಟರಿಗೂ ಹೆಚ್ಚು ನೀರು ಹೆಲ್ಮೆಟ್ ತುಂಬಿಕೊಂಡು ಕಣ್ಣು, ಕಿವಿ, ಮೂಗು ಮುಚ್ಚಿತು. ಸುರಕ್ಷತಾ ಹಗ್ಗದ ಎಳೆತ ಹಿಡಿದು ಏರ್‌ಲಾಕ್ ಮುಟ್ಟಿದರು. ಅಸಲಿ ಕಾರಣ, ಸೂಟಿನ ಗಾಳಿ ನೀರು ಬೇರ್ಪಡಿಸುವ ಭಾಗದ ಸಣ್ಣ ರಂಧ್ರಗಳು ನೀರಿನ ಕಶ್ಮಲದಿಂದ ಕಟ್ಟಿಕೊಂಡಿದ್ದು. ಇಲ್ಲಿ ಯಾರೂ ಏನನ್ನೂ ಬಚ್ಚಿಡಲಿಲ್ಲ. "ಚೀಲದ್ದೇ ಇರಬೇಕು" ಎಂಬ ಮಾತು ಎಲ್ಲರಿಗೂ ಹಿತವಾಗಿತ್ತು, ಅಷ್ಟೆ. ನಿಮ್ಮ ಕಥೆಯಲ್ಲಿ ಮೆಕ್ಯಾನಿಕ್ ಅಂಥದ್ದೇ ಒಂದು ವಾಕ್ಯ ಬರೆಯಲಿ. ಅವಳು ಕೃತಜ್ಞತೆಯಿಂದ ನಗಲಿ. (ಚಂದ್ರನಲ್ಲಾದರೆ ಆ ನೀರು ಮುಖಕ್ಕೆ ಅಂಟದೆ ಕತ್ತಿನ ಕೆಳಗಿಳಿಯುತ್ತದೆ, ಆದ್ದರಿಂದ ದೋಷ ಬೇರೆ ಆರಿಸಿ. ಗ್ಲೋವಿನ ಸೀಲು ನಿಧಾನ ಸೋರುವುದು ಒಳ್ಳೆಯದು.)

ಆರು ಜನರ ನೆಲೆಯಲ್ಲಿ ಪ್ರತಿಯೊಬ್ಬರಿಗೂ ಎರಡನೇ ಕಸುಬು ಇರಬೇಕು ಎಂಬುದನ್ನೂ ಬಳಸಿಕೊಳ್ಳಿ. 1961ರಲ್ಲಿ ಅಂಟಾರ್ಕ್ಟಿಕದ ನೊವೊಲಜರೆವ್‌ಸ್ಕಯಾ ನೆಲೆಯ ಏಕೈಕ ವೈದ್ಯ ಲಿಯೊನಿಡ್ ರೊಗೊಜೊವ್ ತಮ್ಮದೇ ಅಪೆಂಡಿಕ್ಸ್ ತೆಗೆದರು. ಸಲಕರಣೆ ಕೊಟ್ಟದ್ದು ಹವಾಮಾನ ತಜ್ಞ, ಕನ್ನಡಿ ಹಿಡಿದದ್ದು ಮೆಕ್ಯಾನಿಕ್. ಅವರಿಬ್ಬರಲ್ಲಿ ಯಾರಾದರೂ ತಲೆತಿರುಗಿ ಬಿದ್ದರೆ ಇರಲಿ ಎಂದು ನೆಲೆಯ ಮುಖ್ಯಸ್ಥನೂ ನಿಂತಿದ್ದ. ತಾನು ಪ್ರಜ್ಞೆ ತಪ್ಪಿದರೆ ಯಾವ ಸೂಜಿ ಚುಚ್ಚಬೇಕು, ಕೃತಕ ಉಸಿರಾಟ ಹೇಗೆ ಎಂದು ರೊಗೊಜೊವ್ ಮೊದಲೇ ಹೇಳಿಕೊಟ್ಟಿದ್ದರು.

ಕಮಾಂಡರ್ "ಮುಚ್ಚು" ಎಂದು ಕೂಗುವುದು ಮಾತ್ರ ನನಗೆ ಒಪ್ಪಿತ. ಆ ಹೊರೆ ಯಾರಾದರೂ ಹೊರಬೇಕು. ಆಮೇಲೆ ಮೆಕ್ಯಾನಿಕ್‌ಗೆ ಬದುಕಲು ಆ ಆದೇಶ ಬೇಕಾಗುತ್ತದೆ.

ಒತ್ತಡಮಾಪಕ

ಆ ಒಂದು ಮಾತಿಗೆ ನನ್ನ ವಿರೋಧವಿದೆ. ಅಂಥ ತೀರ್ಮಾನವನ್ನು ಆ ಕ್ಷಣಕ್ಕೆ ಬಿಡುವ ನೆಲೆ ಕೆಟ್ಟ ನೆಲೆ. ಹ್ಯಾಚ್ ಹತ್ತಿರ ಇದ್ದವರು ಮುಚ್ಚುತ್ತಾರೆ, ಯಾವ ಒತ್ತಡಕ್ಕೆ ಇಳಿದಾಗ ಎಂಬುದು ಕಾಗದದಲ್ಲಿರುತ್ತದೆ, ಕವಾಯತಿನಲ್ಲಿ ಎಷ್ಟೋ ಸಲ ಮಾಡಿರುತ್ತಾರೆ. ನಿಲ್ದಾಣದಲ್ಲೂ ಕ್ರಮ ಇದೇ: ಎಚ್ಚರಿಕೆ ಕೊಡು, ಒಂದೆಡೆ ಸೇರು, ತಲೆ ಎಣಿಸು, ಉಳಿದ ಸಮಯ ಲೆಕ್ಕ ಹಾಕು, ಆಮೇಲೆ ಒಂದೊಂದೇ ಹ್ಯಾಚ್ ಮುಚ್ಚಿ ಸೋರುವ ಭಾಗ ಹುಡುಕು.

ಉಳಿದ ಸಮಯದ ಲೆಕ್ಕವನ್ನು ದೃಶ್ಯದಲ್ಲೇ ತೋರಿಸಿ. ಒಬ್ಬರು ಕೈಗೇಜು ಹಿಡಿದು ಅಂಕಿ ಕೂಗುತ್ತಾರೆ, ಇನ್ನೊಬ್ಬರು ಗಡಿಯಾರ ನೋಡುತ್ತಾರೆ. ನಿಮಿಷಕ್ಕೆ 1.9 ಇಳಿಯಿತು. 56 ಭಾಗಿಸು 1.9, ಗುಣಿಸು 0.7, ಒತ್ತಡ ಅರ್ಧಕ್ಕಿಳಿಯಲು ಇಪ್ಪತ್ತು ನಿಮಿಷ ಚಿಲ್ಲರೆ.

ಚಳಿಗಾಲದ_ಪಾಳಿ

ಕಾಗದದಲ್ಲಿ ಇರುತ್ತದೆ, ಒಪ್ಪಿದೆ. ಆದರೆ ತಲೆ ಎಣಿಕೆಯಲ್ಲಿ ಐದೇ ಬಂದಾಗ ಕಾಗದ ಏನು ಹೇಳುತ್ತದೆ? ನಾನು ಕಮಾಂಡರನ್ನು ಇಟ್ಟುಕೊಳ್ಳುತ್ತೇನೆ.

ಕಪ್ಪುಕುಳಿ

ಸರಿ, ಕೊನೆಯ ಪ್ರಶ್ನೆ. ಹ್ಯಾಚ್ ಮುಚ್ಚಿ ಆಯಿತು. ತೂತು 3 ಸೆಂ.ಮೀ. ಅವಳು ಒಳಗೆ, ಸೂಟಿಲ್ಲ. ಬದುಕಿಸಬಹುದೇ, ಪವಾಡ ಮಾಡದೆ?

ಗಾಳಿಲೆಕ್ಕ

ಬದುಕಿಸಬಹುದು. ಅವಳ ಮಾಡ್ಯೂಲಿನ ಗೋಡೆಗೆ ಆಮ್ಲಜನಕದ ಮಾಸ್ಕ್ ತೂಗುಹಾಕಿರಲಿ. ಒತ್ತಡ 28ಕ್ಕೆ ಇಳಿದರೂ ಮಾಸ್ಕಿನಲ್ಲಿ ಶುದ್ಧ ಆಮ್ಲಜನಕ ಇದ್ದರೆ ತಲೆ ನೆಟ್ಟಗಿರುತ್ತದೆ, ಅಪೊಲೊ ಸೂಟಿನ ಒಳಗಿದ್ದದ್ದೇ ಸುಮಾರು 26. ಮೂರನೇ ಒಂದು ಭಾಗಕ್ಕೆ ಇಳಿಯಲು ಮೂವತ್ತೆರಡು ನಿಮಿಷ ಬೇಕು. ಅಷ್ಟರೊಳಗೆ ತೂತು ಹುಡುಕಿ ತಗಡು ಒತ್ತಬೇಕು. ಮಾಸ್ಕ್ ಹಾಕುವುದನ್ನು ಮಾತ್ರ ಮೊದಲು ಮಾಡಲಿ. ಆಮ್ಲಜನಕ ಕಡಿಮೆಯಾದಾಗ ಮೊದಲು ಹೋಗುವುದು ವಿವೇಕ. ಉಸಿರು ಕಟ್ಟಿದ ಹಾಗೆ ಅನ್ನಿಸುವುದಿಲ್ಲ, ಎಲ್ಲ ಚೆನ್ನಾಗಿದೆ ಅನ್ನಿಸುತ್ತದೆ.

ಪೂರ್ಣ ನಿರ್ವಾತದ ದೃಶ್ಯ ಬೇಕೆಂದಾದರೆ 1966ರಲ್ಲಿ ಹ್ಯೂಸ್ಟನ್ನಿನ ಪರೀಕ್ಷಾ ಕೋಣೆಯಲ್ಲಿ ಜಿಮ್ ಲೆಬ್ಲಾಂಕ್ ಅವರ ಸೂಟಿನ ಕೊಳವೆ ಕಳಚಿದ್ದು ನೆನಪಿಡಿ. ಸುಮಾರು 14 ಸೆಕೆಂಡಿಗೆ ಪ್ರಜ್ಞೆ ಹೋಯಿತು, ನಾಲಿಗೆಯ ಮೇಲಿನ ಎಂಜಲು ಕುದಿಯುತ್ತಿದ್ದುದು ಅವರಿಗೆ ನೆನಪಿತ್ತು. ಬೇಗ ಗಾಳಿ ತುಂಬಿದ್ದರಿಂದ ಬದುಕಿದರು. ಕಣ್ಣು ಸಿಡಿಯುವುದು, ಮೈ ಹೆಪ್ಪುಗಟ್ಟುವುದು ಎಲ್ಲ ಸುಳ್ಳು.

ಒತ್ತಡಮಾಪಕ

ತಗಡು ಕೂತ ಮೇಲೆ ಮೆಕ್ಯಾನಿಕ್‌ನ ಸರದಿ. ಅವಳ ಕಡೆ 28, ಇವನ ಕಡೆ 56. ಹ್ಯಾಚ್ ಮೇಲೆ ಎರಡು ಟನ್ನಿಗೂ ಮೀರಿದ ಭಾರ. ಎರಡೂ ಮಾಡ್ಯೂಲ್ ಒಂದೇ ಗಾತ್ರ ಆದ್ದರಿಂದ ಸಮತೋಲನದ ವಾಲ್ವ್ ತೆರೆದರೆ ಎರಡೂ ಕಡೆ 42ಕ್ಕೆ ಬಂದು ನಿಲ್ಲುತ್ತದೆ. ಎಲ್ಲರಿಗೂ ಎತ್ತರದ ಬೆಟ್ಟದ ಮೇಲಿದ್ದ ಹಾಗೆ ಏದುಸಿರು ಬರಬಹುದು, ಪ್ರಾಣಾಪಾಯವಿಲ್ಲ. ವಾಲ್ವಿನ ಬಾಯಿ ಎರಡೂವರೆ ಸೆಂ.ಮೀ. ಇದ್ದರೆ ಸಮವಾಗಲು ಇಪ್ಪತ್ತರಿಂದ ಮೂವತ್ತು ನಿಮಿಷ. ತಗಡು ನಿಂತಿದೆಯೇ ಎಂದು ಖಾತರಿ ಮಾಡಿಕೊಳ್ಳದೆ ವಾಲ್ವ್ ಮುಟ್ಟಬಾರದು. ಅವಳು ಗೇಜು ನೋಡಿ ಐದು ನಿಮಿಷ ಅಂಕಿ ಓದಲಿ. ಅಂಕಿ ಕದಲದಿದ್ದರೆ ಕಾಲು ಸುತ್ತು ತಿರುಗಿಸಿ ಮತ್ತೆ ನೋಡಬೇಕು.

ಅವಳ ಮಾಡ್ಯೂಲನ್ನು ಟ್ಯಾಂಕಿನಿಂದ 28ರಿಂದ 56ಕ್ಕೆ ತುಂಬಿಸಿದರೂ ಆಗುತ್ತದೆ, ಆದರೆ ಅದಕ್ಕೆ ಸುಮಾರು 66 ಕಿಲೊ ಗಾಳಿ ಖರ್ಚು. ಮುಂದಿನ ಸರಕುನೌಕೆ ಯಾವಾಗ ಎಂಬುದನ್ನು ಮೊದಲ ಅಧ್ಯಾಯದಲ್ಲೇ ಬರೆದಿಟ್ಟಿರಿ, ಈ ಎರಡರಲ್ಲಿ ಯಾವುದನ್ನು ಆರಿಸಬೇಕೆಂದು ಕಮಾಂಡರ್ ಹೇಳಲಿ. ಅಲ್ಲಿ ಆಕೆಯ ಮಾತಿಗೆ ನನ್ನ ಅಡ್ಡಿಯಿಲ್ಲ.